ಹಂಚಿಕೊಂಡ ನಿಕ್ಸ್‌ಒಎಸ್ ಮಾಡ್ಯೂಲ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನಿಕ್ಸ್‌ಒಎಸ್ ಎಂಬ ಲಿನಕ್ಸ್‌ನಲ್ಲಿ ಇಡೀ ಸಿಸ್ಟಮ್‌ನ ಸೆಟ್ಟಿಂಗ್‌ಗಳನ್ನು ಮಾಡ್ಯೂಲ್ ಎಂಬ ಕೋಡ್ ತುಂಡುಗಳಲ್ಲಿ ಬರೆಯುತ್ತಾರೆ. ಕೆಲವರು ಸೇರಿ ಇಂಥ ಮಾಡ್ಯೂಲ್‌ಗಳ ಒಂದು ರೆಪೊ (ಹಂಚಿಕೊಂಡ ಕೋಡ್ ಸಂಗ್ರಹ) ಶುರು ಮಾಡುತ್ತಾರೆ. ಒಬ್ಬರು ಬ್ಯಾಕಪ್ ಮಾಡ್ಯೂಲ್ ಹಾಕುತ್ತಾರೆ, ಇನ್ನೊಬ್ಬರು ಮಾನಿಟರಿಂಗ್, ಮತ್ತೊಬ್ಬರು ವೆಬ್ ಸರ್ವರ್ ಸೆಟ್ಟಿಂಗ್. ಬರೆದವರ ಮಷೀನ್‌ನಲ್ಲಿ ಎಲ್ಲವೂ ಸರಿ. ಬೇರೆಯವರು ಇಂಪೋರ್ಟ್ ಮಾಡಿದ ಕೂಡಲೇ ಎರರ್. ಆ ಎರರ್ ಮುಂದೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೆಪೊ ನಡೆಸುವವರಿಗೂ ಇದು ಬೇಕಾಗುತ್ತದೆ, ಯಾಕೆಂದರೆ ಕೊನೆಗೆ ಆ ಎರರ್ ಬಂದು ನಿಲ್ಲುವುದು ಅವರ ಹತ್ತಿರವೇ.

ಇಂಥ ರೆಪೊದಲ್ಲಿ ದೋಷ ಸಾಮಾನ್ಯವಾಗಿ ಮಾಡ್ಯೂಲ್ ಮಾಡುವ ಕೆಲಸದಲ್ಲಿ ಇರುವುದಿಲ್ಲ. ತಾನು ಹೋಗಿ ಕೂರುವ ಮಷೀನ್ ಹೀಗೇ ಇರುತ್ತದೆ ಎಂದು ಮಾಡ್ಯೂಲ್ ನಂಬಿಕೊಂಡಿರುತ್ತದೆ. ಆ ನಂಬಿಕೆ ಎಲ್ಲೂ ಬರೆದಿರುವುದಿಲ್ಲ. ದೋಷ ಅಡಗಿರುವುದು ಅಲ್ಲಿ. ಅದಕ್ಕೇ ‘ಈ ಕೋಡ್‌ನಲ್ಲಿ ಏನು ತಪ್ಪಿದೆ’ ಎಂದು ಕೇಳಿದರೆ ಉತ್ತರ ಬೇಗ ಸಿಗುವುದಿಲ್ಲ. ಈ ವ್ಯಾಲ್ಯೂ ಇಟ್ಟವರು ಯಾರು, ಯಾವ ಫೈಲ್‌ನಿಂದ ಬಂತು, ಎಷ್ಟು ಬಲದಿಂದ ಬಂತು ಎಂದು ಕೇಳಿ. ಉತ್ತರ ಸಿಗುತ್ತದೆ.

ಮೊದಲು ಹಂತ ಗುರುತಿಸಿ

ನಿಕ್ಸ್‌ಒಎಸ್‌ನಲ್ಲಿ ಕೆಲಸ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಕಾನ್ಫಿಗರೇಷನ್ ಓದಿ ಲೆಕ್ಕ ಹಾಕುವುದು ಇವ್ಯಾಲ್ಯುಯೇಷನ್. ಪ್ಯಾಕೇಜ್ ಮತ್ತು ಫೈಲ್‌ಗಳನ್ನು ತಯಾರಿಸುವುದು ಬಿಲ್ಡ್. ಓಡುತ್ತಿರುವ ಸಿಸ್ಟಮ್‌ಗೆ ಅವನ್ನು ಕೂರಿಸುವುದು ಆಕ್ಟಿವೇಷನ್. ಆಮೇಲೆ ಸರ್ವಿಸ್‌ಗಳು ಓಡುವ ಹಂತ. ಯಾವ ಹಂತದಲ್ಲಿ ಮುರಿಯಿತು ಎಂದು ಗೊತ್ತಾಗದೆ ಕೋಡ್ ತಿದ್ದಲು ಹೋದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ಹಂತ ಬೇರೆ ಮಾಡಲು ನಿಕ್ಸ್‌ಒಎಸ್-ರೀಬಿಲ್ಡ್ ಕಮಾಂಡ್ ಸಾಕು. ‘ಡ್ರೈ-ಬಿಲ್ಡ್’ ಕೊಟ್ಟಾಗಲೇ ಎರರ್ ಬಂದರೆ ದೋಷ ಇವ್ಯಾಲ್ಯುಯೇಷನ್‌ನಲ್ಲಿದೆ. ಅದು ದಾಟಿ ‘ಬಿಲ್ಡ್’ ಕೊಟ್ಟಾಗ ಬಿದ್ದರೆ ಪ್ಯಾಕೇಜ್ ಕಡೆ ನೋಡಿ. ಈ ಎರಡೂ ಓಡುತ್ತಿರುವ ಸಿಸ್ಟಮ್ ಅನ್ನು ಮುಟ್ಟುವುದಿಲ್ಲ, ಧೈರ್ಯವಾಗಿ ಎಷ್ಟು ಸಲ ಬೇಕಾದರೂ ಓಡಿಸಿ. ‘ಟೆಸ್ಟ್’ ಕೊಟ್ಟರೆ ಹೊಸ ಕಾನ್ಫಿಗರೇಷನ್ ಜಾರಿಗೆ ಬರುತ್ತದೆ, ಆದರೆ ಬೂಟ್ ಮೆನುಗೆ ಸೇರುವುದಿಲ್ಲ. ಏನಾದರೂ ಕೆಟ್ಟರೆ ಮಷೀನ್ ರೀಬೂಟ್ ಮಾಡಿದರೆ ಹಳೆಯದೇ ಬರುತ್ತದೆ. ಹಂಚಿಕೊಂಡ ಮಾಡ್ಯೂಲ್ ಅನ್ನು ಮೊದಲ ಸಲ ಹಾಕುವವರು ನೇರ ‘ಸ್ವಿಚ್’ (ಜಾರಿಗೂ ತಂದು ಬೂಟ್ ಮೆನುಗೂ ಸೇರಿಸುವುದು) ಕೊಡಬೇಡಿ.

ಸುಮ್ನೆ ಇಂಪೋರ್ಟ್ ಮಾಡಿದರೆ ಏನಾಗುತ್ತದೆ?

ಮಿಕ್ಕ ಯಾವ ಪರೀಕ್ಷೆಗೂ ಮೊದಲು ಇದನ್ನು ಮಾಡಿ. ರೆಪೊವನ್ನು ಇಂಪೋರ್ಟ್ ಮಾಡಿ, ಆದರೆ ಅದರ ಯಾವ ಮಾಡ್ಯೂಲನ್ನೂ ಆನ್ ಮಾಡಬೇಡಿ. ಇಂಪೋರ್ಟ್ ಮಾಡುವ ಮುಂಚೆ ಮತ್ತು ಮಾಡಿದ ಮೇಲೆ, ಇಡೀ ಸಿಸ್ಟಮ್‌ನ ಡೆರಿವೇಷನ್ (ಏನನ್ನು ಹೇಗೆ ಬಿಲ್ಡ್ ಮಾಡಬೇಕು ಎಂಬ ವಿವರದ ಫೈಲ್) ಪಾತ್ ಎರಡೂ ಸಲ ತೆಗೆದುಕೊಳ್ಳಿ. ‘ಟಾಪ್‌ಲೆವೆಲ್’ ಎಂಬ ಬಿಲ್ಡ್‌ನ ‘ಡಿಆರ್‌ವಿ-ಪಾತ್’ ಅನ್ನು ‘ನಿಕ್ಸ್ ಇವ್ಯಾಲ್’ ಮೂಲಕ ಕೇಳಿದರೆ ಬರುತ್ತದೆ. ಅದರಲ್ಲಿರುವ ಹ್ಯಾಶ್ ಎರಡೂ ಕಡೆ ಒಂದೇ ಆಗಿರಬೇಕು.

ಬೇರೆ ಬಂದರೆ ಯಾವುದೋ ಮಾಡ್ಯೂಲ್ ಯಾರೂ ಕರೆಯದೆ ಕೆಲಸ ಶುರು ಮಾಡಿದೆ ಎಂದರ್ಥ. ಯಾರೋ ಎನೇಬಲ್ (ಆನ್-ಆಫ್) ಆಪ್ಷನ್ ಇಡದೆ ನೇರವಾಗಿ ಸೆಟ್ಟಿಂಗ್ ಬರೆದಿರುತ್ತಾರೆ. ಇಲ್ಲವೇ ‘ಎಂಕೆ-ಇಫ್’ (ಷರತ್ತು ನಿಜವಾದರೆ ಮಾತ್ರ ಸೆಟ್ಟಿಂಗ್ ಜಾರಿ ಮಾಡುವ ಫಂಕ್ಷನ್) ಹೊರಗೆ ಒಂದು ಸಾಲು ಉಳಿದುಬಿಟ್ಟಿರುತ್ತದೆ. ಏನು ಬದಲಾಯಿತು ಎಂದು ನೋಡಲು ‘ನಿಕ್ಸ್-ಡಿಫ್’ ಎಂಬ ಟೂಲ್‌ಗೆ ಎರಡೂ ಡೆರಿವೇಷನ್ ಕೊಡಿ. ಯಾವ ಫೈಲ್‌ನಲ್ಲಿ ಯಾವ ಸಾಲು ಬೇರೆ ಎಂದು ಕೆಳಗಿನ ತನಕ ಇಳಿದು ತೋರಿಸುತ್ತದೆ. ಒಂದು ಅಪವಾದ ಇದೆ. ಮ್ಯಾನ್ಯುಯಲ್‌ನಲ್ಲಿ ಎಲ್ಲ ಮಾಡ್ಯೂಲ್‌ಗಳ ಆಪ್ಷನ್‌ಗಳನ್ನೂ ಸೇರಿಸುವ ಸೆಟ್ಟಿಂಗ್ ನೀವು ಆನ್ ಮಾಡಿದ್ದರೆ ಹ್ಯಾಶ್ ಬದಲಾಗುವುದು ಸಹಜ. ಆ ಸೆಟ್ಟಿಂಗ್ ಮೊದಲಿಗೆ ಆಫ್ ಇರುತ್ತದೆ.

ರೆಪೊಗೆ ಬರುವ ಪ್ರತಿ ಬದಲಾವಣೆಗೂ ಈ ಒಂದು ಪರೀಕ್ಷೆ ತಾನಾಗಿ ಓಡುವಂತೆ ಇಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕರೆಯದೆ ಕೆಲಸ ಮಾಡುವ ಮಾಡ್ಯೂಲ್ ಒಂದಿದ್ದರೂ ಜನ ಇಡೀ ರೆಪೊವನ್ನೇ ನಂಬುವುದು ಬಿಡುತ್ತಾರೆ.

‘ಆಪ್ಷನ್ ಇಲ್ಲ’ ಎಂಬ ಎರರ್

ಹೆಚ್ಚಾಗಿ ಕಾಣುವುದು ಇದೇ. ಕಾಗುಣಿತ ತಪ್ಪಿರಬಹುದು, ಅದನ್ನು ಮೊದಲೇ ನೋಡಿಬಿಡಿ. ಅದಲ್ಲದಿದ್ದರೆ ಕಾರಣ ಹೆಚ್ಚಾಗಿ ವರ್ಷನ್. ನಿಕ್ಸ್‌ಒಎಸ್ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್ ಹೆಸರಿನಲ್ಲಿ ಹೊಸ ರಿಲೀಸ್ ತರುತ್ತದೆ. ಆಗ ಕೆಲವು ಆಪ್ಷನ್‌ಗಳ ಹೆಸರು ಬದಲಾಗುತ್ತದೆ. 23.11ರಲ್ಲಿ (ಅಂದರೆ 2023ರ ನವೆಂಬರ್ ರಿಲೀಸ್) ‘ಫಾಂಟ್ಸ್.ಫಾಂಟ್ಸ್’ ಹೋಗಿ ‘ಫಾಂಟ್ಸ್.ಪ್ಯಾಕೇಜಸ್’ ಬಂತು. 24.11ರಲ್ಲಿ ‘ಹಾರ್ಡ್‌ವೇರ್.ಓಪನ್‌ಜಿಎಲ್’ ಹೋಗಿ ‘ಹಾರ್ಡ್‌ವೇರ್.ಗ್ರಾಫಿಕ್ಸ್’ ಆಯಿತು. ಹಳೆಯ ಹೆಸರಿನ ಮಾಡ್ಯೂಲ್ ಅನ್ನು ಹೊಸ ರಿಲೀಸ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ ಬರುತ್ತದೆ. ಹೊಸ ಹೆಸರಿನದನ್ನು ಹಳೆಯ ರಿಲೀಸ್‌ನಲ್ಲಿ ಹಾಕಿದರೆ ನೇರ ಎರರ್. ಎರರ್ ಬಂದವರ ರಿಲೀಸ್ ಯಾವುದು ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಅಚ್ಚರಿ ತರುತ್ತದೆ. ಆ ಸಾಲನ್ನು ‘ಎಂಕೆ-ಇಫ್’ ಒಳಗೆ ಇಟ್ಟರೂ, ಅದರ ಷರತ್ತು ಸುಳ್ಳೇ ಆಗಿದ್ದರೂ, ಎರರ್ ಬರುತ್ತದೆ. ‘ಎಂಕೆ-ಇಫ್’ ವ್ಯಾಲ್ಯೂವನ್ನು ಮಾತ್ರ ತಡೆಯುತ್ತದೆ. ಆ ಹೆಸರಿನ ಆಪ್ಷನ್ ಇದೆಯಾ ಎಂಬ ಪರಿಶೀಲನೆಯನ್ನು ತಡೆಯುವುದಿಲ್ಲ. ಎರಡು ರಿಲೀಸ್‌ಗಳಲ್ಲೂ ಓಡಬೇಕು ಎಂದಿದ್ದರೆ ಮಾಡ್ಯೂಲ್‌ಗೆ ಬರುವ ‘ಆಪ್ಷನ್ಸ್’ ಆರ್ಗ್ಯುಮೆಂಟ್ ನೋಡಿ, ಆ ಹೆಸರು ಇದ್ದರೆ ಮಾತ್ರ ‘ಆಪ್ಷನಲ್-ಆಟ್ರ್ಸ್’ ಮೂಲಕ ಸಾಲನ್ನು ಸೇರಿಸಬೇಕು.

ಹೋಮ್ ಮ್ಯಾನೇಜರ್‌ಗೆ (ಒಬ್ಬೊಬ್ಬ ಬಳಕೆದಾರನ ಸೆಟ್ಟಿಂಗ್ ನೋಡಿಕೊಳ್ಳುವ ಟೂಲ್) ಬರೆದ ಮಾಡ್ಯೂಲ್ ಅನ್ನು ನಿಕ್ಸ್‌ಒಎಸ್ ಇಂಪೋರ್ಟ್ ಪಟ್ಟಿಗೆ ಹಾಕಿದರೂ ಇದೇ ಎರರ್. ಎರಡನ್ನೂ ರೆಪೊದಲ್ಲಿ ಬೇರೆ ಫೋಲ್ಡರ್‌ನಲ್ಲಿ, ಬೇರೆ ಹೆಸರಿನಲ್ಲಿ ಇಡಿ.

ಫ್ಲೇಕ್ (ಬೇಕಾದ ರೆಪೊಗಳನ್ನು ‘ಇನ್‌ಪುಟ್’ ಎಂದು ಹೆಸರಿಸಿ, ಅವುಗಳ ವರ್ಷನ್ ಲಾಕ್ ಮಾಡಿಡುವ ವಿಧಾನ) ಬಳಸುವವರಿಗೆ ಇನ್ನೊಂದು: ‘ಫೈಲ್ ಇಲ್ಲ’ ಎಂಬ ಎರರ್ ಬಂದು, ಫೈಲ್ ಕಣ್ಣೆದುರೇ ಇದ್ದರೆ, ಅದನ್ನು ‘ಗಿಟ್ ಆಡ್’ ಮಾಡಿಲ್ಲ. ಗಿಟ್‌ಗೆ ಗೊತ್ತಿಲ್ಲದ ಫೈಲ್ ಫ್ಲೇಕ್‌ಗೆ ಕಾಣುವುದಿಲ್ಲ. ಕಮಿಟ್ ಬೇಕಿಲ್ಲ, ಆಡ್ ಮಾಡಿದರೆ ಸಾಕು.

ಇನ್‌ಫಿನಿಟ್ ರಿಕರ್ಷನ್

ಲೆಕ್ಕ ತನ್ನನ್ನೇ ಸುತ್ತುತ್ತಾ ಮುಗಿಯದೇ ಹೋದಾಗ ಬರುವ ಈ ಎರರ್ ನೋಡಿ ಎಷ್ಟೋ ಜನ ಮಾಡ್ಯೂಲ್ ಬರೆಯುವುದನ್ನೇ ಬಿಡುತ್ತಾರೆ. ಹಾಗೆ ಬಿಡಬೇಕಿಲ್ಲ. ಕಾರಣಗಳು ಬೆರಳೆಣಿಕೆಯಷ್ಟು.

ಮಾಡ್ಯೂಲ್ ವ್ಯವಸ್ಥೆ ಕೆಲಸ ಮಾಡುವ ರೀತಿ ಹೀಗಿದೆ. ಮೊದಲು ಎಲ್ಲ ಇಂಪೋರ್ಟ್‌ಗಳನ್ನೂ ಒಟ್ಟುಗೂಡಿಸುತ್ತದೆ. ಆಮೇಲೆ ಯಾವ ಯಾವ ಆಪ್ಷನ್ ಇವೆ ಎಂದು ನೋಡುತ್ತದೆ. ಕೊನೆಗೆ ವ್ಯಾಲ್ಯೂಗಳನ್ನು ಬೆರೆಸಿ ‘ಕಾನ್ಫಿಗ್’ ಮಾಡುತ್ತದೆ. ಈಗ ನಿಮ್ಮ ಇಂಪೋರ್ಟ್ ಪಟ್ಟಿಯೇ ‘ಕಾನ್ಫಿಗ್’ ಒಳಗಿನ ವ್ಯಾಲ್ಯೂ ನೋಡಿ ತೀರ್ಮಾನ ಆಗಬೇಕು ಎಂದರೆ? ಕಾನ್ಫಿಗ್ ಗೊತ್ತಾಗಲು ಇಂಪೋರ್ಟ್ ಬೇಕು, ಇಂಪೋರ್ಟ್ ಗೊತ್ತಾಗಲು ಕಾನ್ಫಿಗ್ ಬೇಕು. ಸುತ್ತು ಮುಗಿಯುವುದಿಲ್ಲ ಅಲ್ವಾ? ‘ಇದು ಆನ್ ಇದ್ದರೆ ಮಾತ್ರ ಆ ಫೈಲ್ ಇಂಪೋರ್ಟ್ ಮಾಡು’ ಎಂದು ಬರೆಯುವುದು ನಿಕ್ಸ್‌ಒಎಸ್‌ನಲ್ಲಿ ಆಗದ ಮಾತು. ಎಲ್ಲವನ್ನೂ ಇಂಪೋರ್ಟ್ ಮಾಡಿ, ಒಳಗೆ ‘ಎಂಕೆ-ಇಫ್’ ಇಡುವುದೇ ದಾರಿ.

‘ಎಂಕೆ-ಇಫ್’ ಬದಲು ಬರಿಯ ‘ಇಫ್’ ಬಳಸಿದರೂ ಇದೇ ಗತಿ. ಇಡೀ ಕಾನ್ಫಿಗ್ ಭಾಗವನ್ನು ‘ಇಫ್’ ಒಳಗೆ ಸುತ್ತಿದರೆ, ಒಳಗೆ ಯಾವ ಹೆಸರುಗಳಿವೆ ಎಂದು ತಿಳಿಯಲು ಮೊದಲು ಷರತ್ತಿನ ಉತ್ತರ ಬೇಕು. ಆ ಉತ್ತರ ಇರುವುದು ಕಾನ್ಫಿಗ್‌ನಲ್ಲೇ. ‘ಎಂಕೆ-ಇಫ್’ ಆ ಷರತ್ತನ್ನು ಒಳಗಿನ ಒಂದೊಂದು ಆಪ್ಷನ್‌ಗೂ ತಳ್ಳುತ್ತದೆ, ಹೆಸರುಗಳು ಹೊರಗೇ ಕಾಣುತ್ತವೆ, ಸುತ್ತು ತಪ್ಪುತ್ತದೆ.

ರೆಪೊಗಳಲ್ಲಿ ಜಾಸ್ತಿ ಕಾಡುವುದು ಇನ್ನೊಂದು. ಬರೆದವರ ಮಷೀನ್‌ನಲ್ಲಿ ‘ಇನ್‌ಪುಟ್ಸ್’ ಎಂಬ ಆರ್ಗ್ಯುಮೆಂಟ್ ‘ಸ್ಪೆಷಲ್-ಆರ್ಗ್ಸ್’ (ಮಾಡ್ಯೂಲ್‌ಗಳಿಗೆ ಹೊರಗಿನಿಂದ ಕೊಡುವ ಆರ್ಗ್ಯುಮೆಂಟ್‌ಗಳು) ಮೂಲಕ ಬರುತ್ತಿರುತ್ತದೆ. ಮಾಡ್ಯೂಲ್ ಅದನ್ನು ಇಂಪೋರ್ಟ್ ಪಟ್ಟಿಯಲ್ಲಿ ಬಳಸುತ್ತದೆ. ನಿಮ್ಮ ಮಷೀನ್‌ನಲ್ಲಿ ಆ ಆರ್ಗ್ಯುಮೆಂಟ್ ಕೊಟ್ಟಿಲ್ಲ. ‘ಇನ್‌ಪುಟ್ಸ್ ಇಲ್ಲ’ ಎಂದು ಹೇಳಬೇಕಿತ್ತು, ಆದರೆ ಹೇಳುವುದು ‘ಇನ್‌ಫಿನಿಟ್ ರಿಕರ್ಷನ್’. ಯಾಕೆಂದರೆ ಸ್ಪೆಷಲ್-ಆರ್ಗ್ಸ್‌ನಲ್ಲಿ ಸಿಗದ ಆರ್ಗ್ಯುಮೆಂಟನ್ನು ಕಾನ್ಫಿಗ್ ಒಳಗಿನ ಪಟ್ಟಿಯಲ್ಲಿ ಹುಡುಕಲಾಗುತ್ತದೆ, ಮತ್ತೆ ಅದೇ ಸುತ್ತು. ‘ಪಿಕೆಜಿಎಸ್’ (ಪ್ಯಾಕೇಜ್‌ಗಳ ಸಂಗ್ರಹ) ಕೂಡ ಸಾಮಾನ್ಯವಾಗಿ ಕಾನ್ಫಿಗ್ ಮೂಲಕವೇ ಬರುವುದರಿಂದ ಅದನ್ನೂ ಇಂಪೋರ್ಟ್ ಪಟ್ಟಿಯಲ್ಲಿ ಬಳಸುವಂತಿಲ್ಲ.

ಹುಡುಕುವ ಕ್ರಮ: ‘ಶೋ-ಟ್ರೇಸ್’ ಆಯ್ಕೆ ಕೊಟ್ಟು ಓಡಿಸಿ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ನಿಕ್ಸ್‌ಪ್ಯಾಕೇಜಸ್ (ನಿಕ್ಸ್‌ಒಎಸ್‌ನ ಮೂಲ ರೆಪೊ) ಒಳಗಿನ ಫೈಲ್‌ಗಳನ್ನೆಲ್ಲ ಬಿಟ್ಟು ನಿಮ್ಮ ರೆಪೊದ ಫೈಲ್ ಹೆಸರು ಎಲ್ಲಿ ಬರುತ್ತದೆ ಎಂದು ಮಾತ್ರ ನೋಡಿ. ಕಾಣದಿದ್ದರೆ ಇಂಪೋರ್ಟ್ ಪಟ್ಟಿಯ ಅರ್ಧವನ್ನು ಕಾಮೆಂಟ್ ಮಾಡಿ ಓಡಿಸಿ, ಆಮೇಲೆ ಉಳಿದರ್ಧ. ನೂರು ಮಾಡ್ಯೂಲ್ ಇದ್ದರೂ ಏಳೇ ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ.

ಯಾರ ವ್ಯಾಲ್ಯೂ ಗೆಲ್ಲುತ್ತದೆ

ಒಂದೇ ಆಪ್ಷನ್‌ಗೆ ಇಬ್ಬರು ಬೇರೆ ಬೇರೆ ವ್ಯಾಲ್ಯೂ ಕೊಟ್ಟರೆ ನಿಕ್ಸ್‌ಒಎಸ್ ಅವುಗಳ ಆದ್ಯತೆಯ ಸಂಖ್ಯೆ ನೋಡುತ್ತದೆ. ಸಂಖ್ಯೆ ಕಡಿಮೆ ಇದ್ದಷ್ಟೂ ಬಲ ಜಾಸ್ತಿ. ಆಪ್ಷನ್ ಜೊತೆಗೇ ಬರೆದ ಡಿಫಾಲ್ಟ್ 1500. ‘ಎಂಕೆ-ಡಿಫಾಲ್ಟ್’ ಹಾಕಿದರೆ 1000. ಏನೂ ಹಾಕದೆ ಬರೆದರೆ 100. ‘ಎಂಕೆ-ಫೋರ್ಸ್’ 50. ಸಮಬಲದವರು ಜಗಳಕ್ಕೆ ನಿಂತರೆ ‘ಕಾನ್‌ಫ್ಲಿಕ್ಟಿಂಗ್ ಡೆಫಿನಿಷನ್’ ಎಂಬ ಎರರ್ ಬರುತ್ತದೆ, ಎರಡೂ ಫೈಲ್‌ಗಳ ಹೆಸರಿನ ಜೊತೆಗೆ.

ಆ ಎರರ್ ಬಂದರೆ ಬಳಸುವವರು ತಮ್ಮ ಕಡೆ ‘ಎಂಕೆ-ಫೋರ್ಸ್’ ಹಾಕಿ ಮುಂದೆ ಹೋಗುತ್ತಾರೆ. ಅವರ ಮಟ್ಟಿಗೆ ಅದು ಸರಿ. ಆದರೆ ರೆಪೊದ ಕಡೆಯಿಂದ ನೋಡಿದರೆ ಅದು ಮಾಡ್ಯೂಲ್‌ನ ದೋಷ. ಹಂಚಿಕೊಂಡ ಮಾಡ್ಯೂಲ್ ಹೌದು-ಅಲ್ಲ, ಸಂಖ್ಯೆ, ಒಂದೇ ಹೆಸರು ಇಂಥ ವ್ಯಾಲ್ಯೂಗಳನ್ನು ‘ಎಂಕೆ-ಡಿಫಾಲ್ಟ್’ ಇಟ್ಟೇ ಬರೆಯಬೇಕು. ಮಷೀನ್ ಯಾರದೋ, ಕೊನೆಯ ಮಾತು ಅವರದು. ರೆಪೊ ಒಳಗೆ ‘ಎಂಕೆ-ಫೋರ್ಸ್’ ಕಂಡರೆ ಯಾಕೆ ಎಂದು ಕೇಳದೆ ಬಿಡಬೇಡಿ.

ಎರರ್ ಬಂದರೆ ಎಲ್ಲಿ ನೋಡಬೇಕು ಎಂದಾದರೂ ಗೊತ್ತಾಗುತ್ತದೆ. ಎರರ್ ಬರದೆ ವ್ಯಾಲ್ಯೂ ಕಳೆದುಹೋಗುವುದು ಇದಕ್ಕಿಂತ ಕಷ್ಟ. ಪಟ್ಟಿಯ ಆಪ್ಷನ್‌ಗಳಲ್ಲಿ ಇದು ಆಗುತ್ತದೆ. ಪಟ್ಟಿಗಳು ಬೆರೆಯುತ್ತವೆ ಎಂದು ಎಲ್ಲರಿಗೂ ಗೊತ್ತು. ಆದರೆ ಬೆರೆಯುವುದು ಅತಿ ಹೆಚ್ಚು ಬಲ ಇರುವ ಸಾಲುಗಳು ಮಾತ್ರ. ಉಳಿದವನ್ನು ಬೆರೆಸುವ ಮೊದಲೇ ಬಿಸಾಡಲಾಗುತ್ತದೆ. ನಿಮ್ಮ ಮಾನಿಟರಿಂಗ್ ಮಾಡ್ಯೂಲ್ ಫೈರ್‌ವಾಲ್‌ನ ಟಿಸಿಪಿ ಪೋರ್ಟ್ ಪಟ್ಟಿಗೆ 9100 ಅನ್ನು ‘ಎಂಕೆ-ಡಿಫಾಲ್ಟ್’ ಜೊತೆ ಸೇರಿಸಿತು ಎನ್ನೋಣ. ಅದೇ ಮಷೀನ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್ ಆನ್ ಇದೆ. ಅದರ ಮಾಡ್ಯೂಲ್ ತನ್ನ 22ನೇ ಪೋರ್ಟನ್ನು ಅದೇ ಪಟ್ಟಿಗೆ ಮಾಮೂಲಿ ಬಲದಿಂದ ಸೇರಿಸುತ್ತದೆ. 100ರ ಮುಂದೆ 1000 ನಿಲ್ಲುವುದಿಲ್ಲ. 9100 ಮಾಯ. ಬಿಲ್ಡ್ ಸರಿ, ಸರ್ವಿಸ್ ಓಡುತ್ತಿದೆ, ಪೋರ್ಟ್ ಮಾತ್ರ ಮುಚ್ಚಿದೆ. ಬರೆದವರು ಎಸ್‌ಎಸ್‌ಎಚ್ ಇಲ್ಲದ ಟೆಸ್ಟ್ ಮಷೀನ್‌ನಲ್ಲಿ ನೋಡಿದ್ದರೆ ಅವರಿಗೆ ಇದು ಕಾಣುವುದೇ ಇಲ್ಲ. ಅದಕ್ಕೇ ಪಟ್ಟಿಗಳಿಗೆ ‘ಎಂಕೆ-ಡಿಫಾಲ್ಟ್’ ಬೇಡ, ಹಾಗೇ ಬರೆಯಿರಿ. ವೆಬ್ ಸರ್ವರ್‌ನ ವರ್ಚುವಲ್ ಹೋಸ್ಟ್‌ಗಳಂಥ ಗುಂಪಿಗೂ ಇದೇ ಮಾತು. ಇಡೀ ಗುಂಪಿಗೆ ಹಾಕದೆ ಒಳಗಿನ ಒಂದೊಂದು ವ್ಯಾಲ್ಯೂಗೆ ಹಾಕಬೇಕು.

ಇದನ್ನು ಹಿಡಿಯಲು ‘ನಿಕ್ಸ್ ರೆಪ್ಲ್’ (ನಿಕ್ಸ್ ಕೋಡ್ ಟೈಪ್ ಮಾಡಿ ಉತ್ತರ ನೋಡುವ ಕನ್ಸೋಲ್) ತೆರೆದು ಫ್ಲೇಕ್ ಲೋಡ್ ಮಾಡಿ. ನಿಮ್ಮ ಮಷೀನ್‌ನ ‘ಕಾನ್ಫಿಗ್’ ಅಲ್ಲ, ‘ಆಪ್ಷನ್ಸ್’ ಕಡೆ ಹೋಗಿ. ಅಲ್ಲಿ ಪ್ರತಿ ಆಪ್ಷನ್‌ಗೂ ‘ಡೆಫಿನಿಷನ್ಸ್-ವಿತ್-ಲೊಕೇಷನ್ಸ್’ ಎಂಬುದು ಇರುತ್ತದೆ. ಯಾವ ಫೈಲ್ ಯಾವ ವ್ಯಾಲ್ಯೂ ಕೊಟ್ಟಿತು ಎಂದು ಅದು ಹೇಳುತ್ತದೆ. ಆದರೆ ಗೆದ್ದವರ ಹೆಸರು ಮಾತ್ರ ಅಲ್ಲಿರುತ್ತದೆ, ಬಿಸಾಡಿದವು ಇರುವುದಿಲ್ಲ. ಆದ್ದರಿಂದ ಪಕ್ಕದಲ್ಲೇ ಇರುವ ‘ಹೈಯೆಸ್ಟ್-ಪ್ರಯೊ’ ಕೂಡ ನೋಡಿ. ಅದು 100 ಎಂದು ತೋರಿಸಿ, ನಿಮ್ಮ ಸಾಲು ‘ಎಂಕೆ-ಡಿಫಾಲ್ಟ್’ ಆಗಿದ್ದರೆ, ಸಾಲು ಕಳೆದುಹೋಗಿದ್ದಕ್ಕೆ ಕಾರಣ ಸಿಕ್ಕಿತು. 50 ಇದ್ದರೆ ಯಾರೋ ಫೋರ್ಸ್ ಮಾಡಿದ್ದಾರೆ.

‘ಎಂಕೆ-ಬಿಫೋರ್’, ‘ಎಂಕೆ-ಆಫ್ಟರ್’ ಇವೆರಡನ್ನು ಇದರ ಜೊತೆ ಕಲೆಸಬೇಡಿ. ಅವು 500 ಮತ್ತು 1500 ಎಂಬ ಸಂಖ್ಯೆ ಬಳಸುತ್ತವೆ, ಆದರೆ ಅದು ಪಟ್ಟಿಯಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬ ಸಾಲಿನ ಕ್ರಮ. ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದೇ ಮಾಡ್ಯೂಲ್ ಎರಡು ಸಲ

‘ಈ ಆಪ್ಷನ್ ಆಗಲೇ ಅಲ್ಲಿ ಡಿಕ್ಲೇರ್ ಆಗಿದೆ’ ಎಂಬ ಎರರ್ ಬಂದರೆ ಎರಡೂ ಫೈಲ್‌ಗಳ ದಾರಿಯನ್ನು ಅಕ್ಷರ ಅಕ್ಷರ ಹೋಲಿಸಿ. ಫೈಲ್ ಹೆಸರು ಒಂದೇ, ಮುಂದಿನ ಹ್ಯಾಶ್ ಬೇರೆ ಇದ್ದರೆ ನಿಮ್ಮ ರೆಪೊದ ಎರಡು ವರ್ಷನ್‌ಗಳು ಒಳಗೆ ಬಂದಿವೆ. ನೇರವಾಗಿ ಒಂದು, ಇನ್ಯಾವುದೋ ಫ್ಲೇಕ್ ಮೂಲಕ ಇನ್ನೊಂದು. ಫ್ಲೇಕ್‌ನ ಇನ್‌ಪುಟ್‌ನಲ್ಲಿ ‘ಫಾಲೋಸ್’ ಬರೆದು ಎರಡನ್ನೂ ಒಂದಕ್ಕೆ ಕಟ್ಟಿ.

ಹ್ಯಾಶ್ ಕೂಡ ಒಂದೇ ಇದ್ದರೆ ಕಾರಣ ಬೇರೆ. ಫೈಲ್‌ನ ಪಾತ್ ಕೊಟ್ಟು ಇಂಪೋರ್ಟ್ ಮಾಡಿದ ಮಾಡ್ಯೂಲ್ ಎಷ್ಟು ಸಲ ಬಂದರೂ ನಿಕ್ಸ್‌ಒಎಸ್ ಒಂದೇ ಎಂದು ಗುರುತಿಸುತ್ತದೆ. ಫಂಕ್ಷನ್ ಕರೆದು ತಯಾರಿಸಿದ ಮಾಡ್ಯೂಲ್‌ಗೆ ಆ ಗುರುತು ಇರುವುದಿಲ್ಲ, ಪ್ರತಿ ಸಲವೂ ಹೊಸದು. ರೆಪೊದಿಂದ ಹೊರಗೆ ಕೊಡುವಾಗ ಸಾಧ್ಯವಾದಷ್ಟೂ ಪಾತ್ ಕೊಡಿ. ಫಂಕ್ಷನ್ ಬೇಕೇ ಬೇಕು ಎಂದರೆ ‘ಕೀ’ ಎಂಬ ಹೆಸರಿನಲ್ಲಿ ಗುರುತು ಕೊಡಿ. ‘ಅಂಡರ್‌ಸ್ಕೋರ್ ಫೈಲ್’ ಕೂಡ ಬರೆಯಿರಿ. ಇಲ್ಲದಿದ್ದರೆ ಮುಂದೆ ಬರುವ ಎರರ್‌ಗಳಲ್ಲಿ ‘ಅನ್‌ನೋನ್ ಫೈಲ್’ ಎಂದು ಬಂದು, ಹುಡುಕುವವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಬಿಲ್ಡ್ ಸರಿ, ಸರ್ವಿಸ್ ಮಾತ್ರ ಏಳುವುದಿಲ್ಲ

ಇಲ್ಲಿ ನಿಕ್ಸ್ ಬಿಟ್ಟು ಮಾಮೂಲಿ ಲಿನಕ್ಸ್ ಕೆಲಸ. ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಮ್‌ಡಿಯ ‘ಸ್ಟೇಟಸ್’ ನೋಡಿ, ಜರ್ನಲ್‌ನಲ್ಲಿ ಆ ಯೂನಿಟ್‌ನ ಈ ಬೂಟ್‌ನ ಲಾಗ್ ಓದಿ. ಹಂಚಿಕೊಂಡ ಮಾಡ್ಯೂಲ್ ಆದ್ದರಿಂದ ಮೊದಲ ಅನುಮಾನ ಈ ಕೆಲವದರ ಮೇಲೆ ಇರಲಿ: ಒಂದು ಮಷೀನ್‌ನಲ್ಲಿ ಮಾತ್ರ ಇರುವ ಬಳಕೆದಾರನ ಹೆಸರು, ನೆಟ್‌ವರ್ಕ್ ಇಂಟರ್‌ಫೇಸ್ ಹೆಸರು, ಡಿಸ್ಕ್‌ನ ಯುಯುಐಡಿ, ಮೊದಲೇ ಇದೆ ಎಂದುಕೊಂಡ ಫೋಲ್ಡರ್. ಇವು ಸಿಕ್ಕರೆ ಆಪ್ಷನ್ ಆಗಿ ಬದಲಾಯಿಸಿ. ಇಲ್ಲದೆ ನಡೆಯುವುದಿಲ್ಲ ಎನ್ನುವಂಥದ್ದಕ್ಕೆ ‘ಅಸರ್ಷನ್ಸ್’ ಬರೆಯಿರಿ. ‘ಈ ಮಾಡ್ಯೂಲ್‌ಗೆ ಪೋಸ್ಟ್‌ಗ್ರೆಸ್ ಆನ್ ಇರಬೇಕು’ ಎಂಬ ಒಂದು ಸಾಲು ಬಿಲ್ಡ್‌ಗೆ ಮೊದಲೇ ಕಂಡರೆ, ರಾತ್ರಿ ಜರ್ನಲ್ ಓದುತ್ತಾ ಕೂರುವುದು ತಪ್ಪುತ್ತದೆ.

‘ಸ್ಟೇಟ್-ವರ್ಷನ್’ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ರೆಪೊದ ಯಾವ ಮಾಡ್ಯೂಲ್‌ನಲ್ಲೂ ಅದು ಇರಬಾರದು. ಮಷೀನ್ ಮೊದಲು ಇನ್‌ಸ್ಟಾಲ್ ಆದಾಗಿನ ರಿಲೀಸ್ ಅದು, ಆ ಮಷೀನ್‌ಗೆ ಸೇರಿದ್ದು. ಪೋಸ್ಟ್‌ಗ್ರೆಸ್‌ನ ಯಾವ ಮೇಜರ್ ವರ್ಷನ್ ಬರಬೇಕು ಎಂಬುದೇ, ನೀವು ಹೇಳದಿದ್ದರೆ, ಅದರ ಮೇಲೆ ನಿಂತಿದೆ. ಯಾರದೋ ಮಾಡ್ಯೂಲ್ ಅದನ್ನು ಬದಲಿಸಿದರೆ ಹೊಸ ಪೋಸ್ಟ್‌ಗ್ರೆಸ್ ಬೇರೆ ಫೋಲ್ಡರ್‌ನಲ್ಲಿ ಖಾಲಿ ಡೇಟಾಬೇಸ್ ಜೊತೆ ಏಳುತ್ತದೆ. ಡೇಟಾ ಹೋಯಿತು ಎಂದು ಗಾಬರಿ ಬೀಳುತ್ತಾರೆ. ಹಳೆಯ ಡೇಟಾ ಹಳೆಯ ಫೋಲ್ಡರ್‌ನಲ್ಲೇ ಇರುತ್ತದೆ.

ವಿಎಂನಲ್ಲಿ ನೋಡೋಣ ಎಂದು ‘ಬಿಲ್ಡ್-ವಿಎಂ’ ಬಳಸುವವರು ಗಮನಿಸಿ: ಅದು ನೀವು ನಿಂತ ಫೋಲ್ಡರ್‌ನಲ್ಲಿ ಒಂದು ಡಿಸ್ಕ್ ಇಮೇಜ್ ಬಿಟ್ಟುಹೋಗುತ್ತದೆ, ಮುಂದಿನ ಸಲ ಅದನ್ನೇ ಬಳಸುತ್ತದೆ. ಕೋಡ್ ತಿದ್ದಿದರೂ ಹಳೆಯ ಸ್ಥಿತಿಯೇ ಕಾಣುತ್ತಿದ್ದರೆ ಆ ಇಮೇಜ್ ಅಳಿಸಿ ಮತ್ತೆ ಓಡಿಸಿ.

ಪಾಸ್‌ವರ್ಡ್ ಇರುವ ಫೈಲ್‌ಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಿಕ್ಸ್ ಸ್ಟೋರ್‌ಗೆ (ಬಿಲ್ಡ್ ಆದದ್ದೆಲ್ಲ ಹೋಗಿ ಕೂರುವ ಫೋಲ್ಡರ್) ಹೋದದ್ದನ್ನು ಆ ಮಷೀನ್‌ನ ಯಾವ ಬಳಕೆದಾರ ಬೇಕಾದರೂ ಓದಬಹುದು. ಕೋಟ್ ಇಲ್ಲದೆ ಬರೆದ ಪಾತ್ ಅನ್ನು ಸ್ಟ್ರಿಂಗ್ ಒಳಗೆ ಸೇರಿಸಿದರೆ ಆ ಫೈಲ್ ಸ್ಟೋರ್‌ಗೆ ಕಾಪಿ ಆಗುತ್ತದೆ. ಸೀಕ್ರೆಟ್ ಕೇಳುವ ಆಪ್ಷನ್‌ಗಳು ಕೋಟ್ ಒಳಗಿನ ಪಾತ್ ಆಗಿ, ಸರ್ವಿಸ್ ಓಡುವಾಗ ಓದುವಂತೆ ಇರಲಿ. ಸೋಪ್ಸ್-ನಿಕ್ಸ್ ಅಥವಾ ಏಜ್-ನಿಕ್ಸ್ ಈ ಕೆಲಸಕ್ಕೇ ಇವೆ. ಒಂದು ಸಲ ಸ್ಟೋರ್‌ಗೋ ಗಿಟ್‌ಗೋ ಹೋದ ಪಾಸ್‌ವರ್ಡನ್ನು ಅಳಿಸಿದರೆ ಸಾಲದು, ಬದಲಾಯಿಸಲೇಬೇಕು.

ದೋಷವನ್ನು ಚಿಕ್ಕದು ಮಾಡಿ ಕೊಡುವುದು

ರೆಪೊ ನಡೆಸುವವರಿಗೆ ನಿಮ್ಮ ಇಡೀ ಕಾನ್ಫಿಗರೇಷನ್ ಬೇಡ. ಆ ಒಂದು ಮಾಡ್ಯೂಲ್ ಇರುವ, ಮಿಕ್ಕಂತೆ ಖಾಲಿಯಾದ ಒಂದು ಸಿಸ್ಟಮ್ ಬರೆಯಿರಿ. ರೂಟ್ ಡಿಸ್ಕ್ ಹೇಳಿಲ್ಲ, ಬೂಟ್‌ಲೋಡರ್ ಹೇಳಿಲ್ಲ ಎಂದು ಅದು ತಕರಾರು ತೆಗೆಯುತ್ತದೆ. ‘ಬೂಟ್.ಈಸ್-ಕಂಟೇನರ್’ ಎಂಬುದನ್ನು ಟ್ರೂ ಮಾಡಿದರೆ ಅವೆರಡೂ ಬೇಕಾಗುವುದಿಲ್ಲ. ದೋಷ ಅಲ್ಲೂ ಬಂದರೆ ಅದು ರೆಪೊದ್ದು. ಬರದಿದ್ದರೆ ನಿಮ್ಮ ಬೇರೆ ಯಾವುದೋ ಸೆಟ್ಟಿಂಗ್ ಜೊತೆ ತಾಗುತ್ತಿದೆ, ಒಂದೊಂದಾಗಿ ಸೇರಿಸುತ್ತಾ ಬನ್ನಿ. ಇದರ ಜೊತೆ ನಿಕ್ಸ್‌ಪ್ಯಾಕೇಜಸ್‌ನ ಯಾವ ರಿವಿಷನ್ ಎಂದು ತಿಳಿಸಿ. ‘ನಿಕ್ಸ್‌ಒಎಸ್-ವರ್ಷನ್’ ಕಮಾಂಡ್‌ಗೆ ಜೇಸನ್ ಆಯ್ಕೆ ಕೊಟ್ಟರೆ ಅದು ಸಿಗುತ್ತದೆ.

‘ಹೋದ ತಿಂಗಳು ಓಡುತ್ತಿತ್ತು’ ಎನ್ನುವ ದೋಷಕ್ಕೆ ‘ಗಿಟ್ ಬೈಸೆಕ್ಟ್’ ಇದೆ. ಆ ಚಿಕ್ಕ ಸಿಸ್ಟಮ್ ಅನ್ನು ಬಿಲ್ಡ್ ಮಾಡುವ ಸ್ಕ್ರಿಪ್ಟ್ ಬರೆದು ‘ಬೈಸೆಕ್ಟ್ ರನ್’ ಕೈಗೆ ಕೊಟ್ಟರೆ ಯಾವ ಕಮಿಟ್ ಕೆಡಿಸಿತು ಎಂದು ಅದೇ ಹುಡುಕುತ್ತದೆ. ಬೇರೆ ಕಾರಣಕ್ಕೆ ಬಿಲ್ಡ್ ಆಗದ ಕಮಿಟ್ ಸಿಕ್ಕರೆ ಸ್ಕ್ರಿಪ್ಟ್ 125 ಎಂಬ ಕೋಡ್ ಕೊಟ್ಟು ಹೊರಬರಲಿ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ತಿದ್ದಿದ್ದನ್ನು ನೋಡಲು ಅದು ರೆಪೊಗೆ ಸೇರುವವರೆಗೂ ಕಾಯಬೇಕಿಲ್ಲ. ‘ಓವರ್‌ರೈಡ್-ಇನ್‌ಪುಟ್’ ಆಯ್ಕೆಯಲ್ಲಿ ನಿಮ್ಮ ಕೈಯಲ್ಲಿರುವ ಕಾಪಿಯ ಪಾತ್ ಕೊಟ್ಟು ರೀಬಿಲ್ಡ್ ಮಾಡಿ. ಇನ್ನು ರಿಪೇರಿ ರೆಪೊಗೆ ಸೇರಿದ ಮೇಲೂ ಕೆಲವರಿಗೆ ಅದೇ ಎರರ್ ಬರುತ್ತಿರುತ್ತದೆ. ಅವರ ಲಾಕ್ ಫೈಲ್ ಇನ್ನೂ ಹಳೆಯ ಕಮಿಟ್ ಹಿಡಿದುಕೊಂಡಿದೆ. ‘ನಿಕ್ಸ್ ಫ್ಲೇಕ್ ಅಪ್‌ಡೇಟ್’ ಮುಂದೆ ಆ ಒಂದು ಇನ್‌ಪುಟ್‌ನ ಹೆಸರು ಮಾತ್ರ ಕೊಡಲು ಹೇಳಿ. ಹೆಸರು ಕೊಡದಿದ್ದರೆ ನಿಕ್ಸ್‌ಪ್ಯಾಕೇಜಸ್ ಸೇರಿ ಎಲ್ಲವೂ ಒಟ್ಟಿಗೆ ಮೇಲೇರುತ್ತವೆ, ಆಮೇಲೆ ಹೊಸ ಎರರ್ ಬಂದರೆ ಯಾವುದರಿಂದ ಬಂತು ಎಂದು ಹೇಳಲಾಗುವುದಿಲ್ಲ.